ತಾವೇ ಓದುವ ಓದು

ಉಪಾಧ್ಯಾಯ ವೃತ್ತಿಯಿಂದ ನಿವೃತ್ತನಾದವನಿಗೆ ಎರಡು ಕಷ್ಟಗಳುಂಟು. ಬೆಳಗಿನ ಹತ್ತು ಗಂಟೆಯಾಗುತ್ತಲೇ ಕಾಲುಗಳು ತಾವಾಗಿ ಬಾಗಿಲ ಕಡೆಗೆ ತಿರುಗುವುದು ಒಂದು. ಎದುರಿಗೆ ಸಿಕ್ಕವರಿಗೆಲ್ಲ ಅರ್ಥ ಹೇಳಬೇಕೆಂಬ ಚಪಲವು ಇನ್ನೊಂದು. ಮೊದಲನೆಯದು ಒಂದು ವರ್ಷದೊಳಗೆ ಹೋಯಿತು. ಎರಡನೆಯದು ಇನ್ನೂ ಪೂರ್ತಿಯಾಗಿ ಹೋಗಿಲ್ಲ. ಅದನ್ನು ಬಿಡಿಸುವ ಕೆಲಸವನ್ನು ನಮ್ಮ ಓಣಿಯ ಇಬ್ಬರು ಮಕ್ಕಳು ತಮಗೆ ತಿಳಿಯದೆಯೇ ಕೈಕೊಂಡರು. ಆ ಸಂಗತಿಯನ್ನೇ ಇಲ್ಲಿ ವಾಚಕರ ಮುಂದೆ ಇಡುತ್ತಿದ್ದೇನೆ.

ನಾನಿರುವುದು ಧಾರವಾಡದಲ್ಲಿ. ಓಣಿಯ ಕೊನೆಯ ಮನೆಯವರು ಕ್ರೈಸ್ತರು. ಬಾಸೆಲ್ ಮಿಶನ್ನಿನ ಪಾದ್ರಿಗಳು ೧೮೩೪ರಲ್ಲಿ ಮಂಗಳೂರಿಗೆ ಬಂದಿಳಿದು, ೧೮೩೭ರಲ್ಲಿ ಧಾರವಾಡದಲ್ಲಿ ನೆಲೆಯೂರಿದ ಬಳಿಕ ಈ ಸೀಮೆಯಲ್ಲಿ ಬೆಳೆದುಬಂದ ಮನೆತನಗಳಲ್ಲಿ ಅವರದೂ ಒಂದು. ಮನೆಯ ಮಾತು ಕನ್ನಡ, ಪ್ರಾರ್ಥನೆಯೂ ಕನ್ನಡ, ಊಟಕ್ಕೆ ನಮ್ಮಂತೆಯೇ ಜೋಳದ ರೊಟ್ಟಿ. ಮಗಳಿಗೆ ಹದಿನಾಲ್ಕು, ಮಗನಿಗೆ ಹನ್ನೊಂದು. ೨೦೨೦ರ ಮಾರ್ಚಿನಲ್ಲಿ ಸಾಂಕ್ರಾಮಿಕದ ದೆಸೆಯಿಂದ ದೇಶದ ಶಾಲೆಗಳೆಲ್ಲ ಮುಚ್ಚಿದಾಗ ಈ ಮಕ್ಕಳೂ ಮನೆಯಲ್ಲಿ ಕುಳಿತರು. ಶಾಲೆಗಳು ಮರಳಿ ತೆರೆದಾಗ ಇವರು ಮಾತ್ರ ಹೋಗಲಿಲ್ಲ. ಹುಡುಗನು ಅಕ್ಷರ ಕೂಡಿಸುವುದರಲ್ಲಿ ನಿಧಾನಿ. ಅವನನ್ನು ಹಿಂದಿನ ಸಾಲಿಗೆ ಕೂರಿಸಿ ದಡ್ಡನೆಂದು ಕರೆದಿದ್ದರಂತೆ. ಮನೆಯಲ್ಲಿ ತಾಯಿಯ ಪಕ್ಕದಲ್ಲಿ ಕುಳಿತು ಅವನು ಓದಲು ಕಲಿತನು. ಇದನ್ನು ಕಣ್ಣಾರೆ ಕಂಡ ಮೇಲೆ ಆಕೆಯು ಅವನನ್ನು ಪುನಃ ಕಳಿಸಲು ಮನಸ್ಸು ಮಾಡಲಿಲ್ಲ.

ಇಂಥ ಮನೆಪಾಠವು ಅಮೆರಿಕೆಯಲ್ಲಿ ೧೯೮೦ರ ದಶಕದಲ್ಲಿ ಕ್ರೈಸ್ತ ಕುಟುಂಬಗಳ ನಡುವೆ ಬಲವಾಗಿ ಹಬ್ಬಿತು. ೧೯೯೩ರ ವೇಳೆಗೆ ಅಲ್ಲಿಯ ೫೦ ಸಂಸ್ಥಾನಗಳಲ್ಲಿಯೂ ಅದು ಕಾಯಿದೆಗೆ ಸಮ್ಮತವಾಗಿದ್ದಿತು. ನಮ್ಮಲ್ಲಿ ೨೦೦೯ರ ಶಿಕ್ಷಣದ ಹಕ್ಕಿನ ಕಾಯಿದೆಯು ಆರರಿಂದ ಹದಿನಾಲ್ಕು ವರ್ಷದ ಮಕ್ಕಳಿಗೆ ಶಾಲೆಯನ್ನು ಹೇಳುವುದೇ ಹೊರತು ಮನೆಪಾಠದ ವಿಷಯದಲ್ಲಿ ಸ್ಪಷ್ಟವಾಗಿ ಏನನ್ನೂ ಹೇಳುವುದಿಲ್ಲ. ಆದರೂ ರಾಷ್ಟ್ರೀಯ ಮುಕ್ತ ಶಾಲಾ ಸಂಸ್ಥೆಯ ಹತ್ತನೆಯ ಮತ್ತು ಹನ್ನೆರಡನೆಯ ತರಗತಿಯ ಪರೀಕ್ಷೆಗಳಿಗೆ ಶಾಲೆಯ ಮೆಟ್ಟಿಲು ಹತ್ತದವರೂ ಕೂಡಬಹುದಾಗಿದೆ. ಆ ಭರವಸೆಯಿಂದಲೇ ಈ ತಂದೆತಾಯಿಗಳು ಮುಂದುವರಿದರು.

ನನ್ನನ್ನು ಅವರು ಕೇಳಿಕೊಂಡದ್ದು ಕನ್ನಡ ಪಾಠಕ್ಕೆ. ಒಂದು ತಿಂಗಳ ತರುವಾಯ ಆ ತಾಯಿಯು ಸ್ವಲ್ಪ ಸಂಕೋಚದಿಂದ, "ಮಾಸ್ತರ್ರೀ, ಇನ್ನೊಂದು ಮಾತು. ಮಕ್ಕಳು ಸತ್ಯವೇದ ತಾವಾಗೇ ಓದೂಹಂಗ ಆಗಬೇಕು. ನಮ್ಮತ್ತಿಯವರು ಹಂಗ ಓದ್ತಿದ್ರು. ನಾವು ಹೇಳಿದ್ದನ್ನ ಇವರು ಒಪ್ಪಿಸ್ತಾರ, ಅಷ್ಟ. ಓದೂದಿಲ್ಲ" ಎಂದರು.

ನಾನು ಒಡನೆ ಉತ್ತರ ಕೊಡಲಿಲ್ಲ. ನಾನು ಸಂಸ್ಕೃತ ಪಾಠಶಾಲೆಯಲ್ಲಿ ಓದಿದವನು. ಕಾವ್ಯ, ವ್ಯಾಕರಣ, ಸ್ವಲ್ಪ ಮೀಮಾಂಸೆ ನನ್ನ ಬಂಡವಾಳವು. ಪರರ ಧರ್ಮಗ್ರಂಥವನ್ನು ಓದಿಸಲು ನಾನು ಯಾರು? ಆಪ್ತರೊಬ್ಬರು, "ನಿಮಗ್ಯಾಕ ಈ ಉಸಾಬರಿ?" ಎಂದರು. ಮಕ್ಕಳ ತಂದೆಗೂ ಒಳಗೊಳಗೆ ಅಂಜಿಕೆಯಿದ್ದಿತು. ಅವರ ಅಂಜಿಕೆಯು ನನ್ನ ಜಾತಿಯದಲ್ಲ, ಮಕ್ಕಳ ಸ್ವಾತಂತ್ರ್ಯದ್ದು: ಹಿಡಿದ ಕೈಯನ್ನು ಬಿಟ್ಟರೆ ಮಕ್ಕಳು ಎತ್ತ ನಡೆದಾರು? ಆ ಅಂಜಿಕೆಯನ್ನು ನಾನು ಹಗುರವಾಗಿ ಕಾಣಲಿಲ್ಲ. ನನ್ನ ಕರಾರನ್ನು ಹೇಳಿದೆನು. ಏನು ಬರೆದಿದೆ, ಯಾರು ಯಾರಿಗೆ ಹೇಳಿದರು, ಯಾವ ಮಾತು ಯಾವುದಕ್ಕೆ ಅನ್ವಯಿಸುವುದು ಎಂಬುದು ನನ್ನ ಎಲ್ಲೆ. ಏನನ್ನು ನಂಬಬೇಕೆಂಬುದು ತಂದೆತಾಯಿಗಳದೂ ಸಭಾಪಾಲಕರದೂ. ಅವರು ಒಪ್ಪಿದರು.

ಮೊದಲ ದಿವಸವೇ ಒಂದು ತೊಡಕು ಕಂಡಿತು. ಮಕ್ಕಳಿಗೆ ಗ್ರಂಥವು ತುಂಡು ತುಂಡಾಗಿ ತಿಳಿದಿದ್ದಿತು. ಇಂಥ ಅಧ್ಯಾಯದ ಇಂಥ ವಚನವೆಂದರೆ ಗಿಳಿಯಂತೆ ಹೇಳುವರು. ಅದರ ಹಿಂದಿನ ವಚನವನ್ನು ಕೇಳಿದರೆ ಮುಖ ನೋಡುವರು. ಇದು ಅವರೊಬ್ಬರದೇ ದೋಷವಲ್ಲ. ಸುಭಾಷಿತವನ್ನು ಕಂಠಸ್ಥ ಮಾಡಿ, ಅದು ಯಾವ ಕಥೆಯಲ್ಲಿ ಯಾವ ಧೂರ್ತನ ಬಾಯಿಂದ ಬಂದದ್ದೆಂಬುದನ್ನು ಮರೆತವರು ನಮ್ಮಲ್ಲಿಯೂ ಬೇಕಾದಷ್ಟು ಮಂದಿ ಇದ್ದಾರೆ. ಸತ್ಯವೇದದ ಅಧ್ಯಾಯ ವಿಭಾಗವು ಹದಿಮೂರನೆಯ ಶತಮಾನದ್ದು. ಹೊಸ ಒಡಂಬಡಿಕೆಯ ವಚನಗಳಿಗೆ ಈಗಿರುವ ಅಂಕೆಗಳನ್ನು ಹಾಕಿದವನು ರೋಬರ್ಟ್ ಎಸ್ತಿಯೆನ್ ಎಂಬ ಫ್ರೆಂಚ್ ಮುದ್ರಕನು, ೧೫೫೧ರಲ್ಲಿ. ಹುಡುಕುವುದಕ್ಕೆ ಅದು ಬಹಳ ಅನುಕೂಲವಾದದ್ದು. ಓದುವುದಕ್ಕೆ ಕೆಲವು ವೇಳೆ ಮುಳ್ಳುಬೇಲಿಯು.

ಆದಕಾರಣ ಪೌಲನು ಫಿಲೆಮೋನನಿಗೆ ಬರೆದ ಪತ್ರವನ್ನು ನನ್ನ ಕೈಯಿಂದಲೇ ಬಿಳಿ ಹಾಳೆಯ ಮೇಲೆ ಅಂಕೆಗಳಿಲ್ಲದೆ ಬರೆದುಕೊಂಡು ಹೋದೆನು. ಇಪ್ಪತ್ತೈದೇ ವಚನಗಳ ಪತ್ರವು. ಒಂದೇ ಕೂರಿಗೆಯಲ್ಲಿ ಮುಗಿಯುವುದು. ಇಂಗ್ಲೆಂಡಿನ ಶಾರ್ಲಟ್ ಮೇಸನ್ (೧೮೪೨–೧೯೨೩) ಎಂಬ ಶಿಕ್ಷಕಿಯ ಪದ್ಧತಿಯೊಂದನ್ನು ಮನೆಪಾಠದವರು ಬಹಳವಾಗಿ ಅನುಸರಿಸುವರೆಂದು ಮಕ್ಕಳ ತಾಯಿಯೇ ನನಗೆ ತಿಳಿಸಿದ್ದರು: ಒಮ್ಮೆ ಓದುವುದು, ಪುಸ್ತಕವನ್ನು ಮುಚ್ಚುವುದು, ಬಳಿಕ ತನ್ನ ಮಾತಿನಲ್ಲಿ ಹೇಳುವುದು. ನಾವು ಪಾಠಶಾಲೆಯಲ್ಲಿ ಒಪ್ಪಿಸುತ್ತಿದ್ದೆವು. ಆದರೆ ಅಲ್ಲಿ ಗುರುಗಳ ಮಾತು ಒಂದಕ್ಷರವೂ ಕದಲಬಾರದು. ಇಲ್ಲಿ ಮಾತು ಮಗುವಿನದೇ ಆಗಿರಬೇಕು. ಈ ವ್ಯತ್ಯಾಸವು ಸಣ್ಣದೆಂದು ನಾನು ಎಣಿಸಿದ್ದೆನು.

ಪತ್ರವನ್ನು ಇಬ್ಬರೂ ಹೇಳಿದರು. ಸೆರೆಯಲ್ಲಿರುವ ಮುದುಕನೊಬ್ಬನು ತನ್ನ ಗೆಳೆಯನಿಗೆ ಬರೆಯುತ್ತಾನೆ. ಆ ಗೆಳೆಯನ ದಾಸನಾದ ಒನೇಸಿಮನನ್ನು ಹಿಂದಕ್ಕೆ ಕಳಿಸಿದ್ದಾನೆ. ದಾಸನೆಂದಲ್ಲ, ಸಹೋದರನೆಂದು ಸೇರಿಸಿಕೊಳ್ಳೆಂದು ಬೇಡುತ್ತಾನೆ. ಸಾಲವೇನಾದರೂ ಇದ್ದರೆ ತನ್ನ ಲೆಕ್ಕಕ್ಕೆ ಬರೆಯೆನ್ನುತ್ತಾನೆ. ಆ ಹೆಸರಿಗೆ ಗ್ರೀಕ್ ಭಾಷೆಯಲ್ಲಿ ಉಪಯುಕ್ತನೆಂದು ಅರ್ಥ. ಮೊದಲು ನಿರುಪಯೋಗಿಯಾಗಿದ್ದವನು ಈಗ ಉಪಯೋಗಿಯಾದನೆಂದು ಪೌಲನು ಆ ಹೆಸರಿನೊಡನೆ ಆಟವಾಡಿದ್ದಾನೆ. ಇಷ್ಟನ್ನು ಮಾತ್ರ ನಾನು ಹೇಳಿದೆನು. ಆ ಬಳಿಕ, "ಇವನು ಕೇಳುವುದು ನಿಜವಾಗಿ ಏನನ್ನು? ಆ ವಾಕ್ಯವನ್ನು ತೋರಿಸಿರಿ" ಎಂದೆನು. ಅರ್ಧ ಗಂಟೆ ಹುಡುಕಿದರು. ಬಿಡುಗಡೆ ಮಾಡು ಎಂಬ ನೇರವಾದ ಮಾತು ಎಲ್ಲಿಯೂ ಇಲ್ಲವೆಂದು ಹುಡುಗಿಯು ಅಚ್ಚರಿಪಟ್ಟಳು. ಹಾಳೆಯ ಕೊನೆಯನ್ನೇ ನೋಡುತ್ತಿದ್ದ ಹುಡುಗನು, "ಅಜ್ಜಾ, ನನಗೊಂದು ಕೋಣಿ ಸಜ್ಜು ಮಾಡಿಡು ಅಂತಾನಲ್ಲ, ಅದು ಸುಮ್ಮನ ಹೇಳಿದ್ದಲ್ಲ. ನೀ ಏನ್ ಮಾಡೀದಿ ಅಂತ ಬಂದು ನೋಡ್ತೇನಿ ಅಂತ ಹೇಳಿದ್ದು" ಎಂದನು.

ಹಿಂದಿನ ಸಾಲಿನ ದಡ್ಡನು ಹೇಳಿದ ಮಾತಿದು. ಪತ್ರವನ್ನು ಐದು ಸಲ ಬರೆದು ತಿದ್ದಿದ ನನಗೆ ಅದು ಹೊಳೆದಿರಲಿಲ್ಲ.

ಹೀಗೆ ಬಾರಕ್ಕೆ ಎರಡು ದಿವಸ ಸಾಗಿತು. ನನ್ನ ಹಳೆಯ ಸಾಮಗ್ರಿಯನ್ನೇ ಅವರಿಗೆ ಬಳಸಿದೆನು. ಗ್ರಂಥದ ತಾತ್ಪರ್ಯವನ್ನು ನಿರ್ಣಯಿಸಲು ನಮ್ಮ ಮೀಮಾಂಸಕರು ಆರು ಲಿಂಗಗಳನ್ನು ಹೇಳಿದ್ದಾರೆ: ಉಪಕ್ರಮ-ಉಪಸಂಹಾರ, ಅಭ್ಯಾಸ, ಅಪೂರ್ವತೆ, ಫಲ, ಅರ್ಥವಾದ, ಉಪಪತ್ತಿ. ಮಕ್ಕಳ ಮುಂದೆ ಈ ಹೆಸರುಗಳನ್ನು ಉಚ್ಚರಿಸದೆ, ಎಲ್ಲಿ ಶುರುವಾಯಿತು ಎಲ್ಲಿ ಮುಗಿಯಿತು, ಯಾವ ಮಾತು ಮರಳಿ ಮರಳಿ ಬಂತು, ಯಾವುದು ಇಲ್ಲಿ ಮಾತ್ರ ಹೊಸದು ಎಂದು ಕೇಳುತ್ತ ಹೋದೆನು. ಮಾರ್ಕನ ಸುವಾರ್ತೆಯಲ್ಲಿ 'ಕೂಡಲೇ' ಎಂಬರ್ಥದ ಮಾತು ಓಡೋಡಿ ಬರುವುದನ್ನು ಹುಡುಗನು ಕಂಡುಹಿಡಿದನು. ಗ್ರೀಕ್ ಮೂಲದಲ್ಲಿ ಆ ಶಬ್ದವು ನಲ್ವತ್ತು ಬಾರಿಯಷ್ಟು ಇದೆ; ಕನ್ನಡದಲ್ಲಿ ಭಾಷಾಂತರಕಾರರು ಒಂದೊಂದೆಡೆ ಒಂದೊಂದು ಮಾತನ್ನು ಇಟ್ಟಿರುವುದರಿಂದ ಎಲ್ಲವೂ ಕಣ್ಣಿಗೆ ಬೀಳುವುದಿಲ್ಲ. ಕನ್ನಡ ಸತ್ಯವೇದದ ಕಥೆಯೇ ಒಂದು ಲೇಖನಕ್ಕೆ ಸಾಕಾದೀತು. ೧೮೧೦ರಲ್ಲಿ ಬಳ್ಳಾರಿಗೆ ಬಂದ ಲಂಡನ್ ಮಿಶನ್ನಿನ ಜಾನ್ ಹ್ಯಾಂಡ್ಸ್ ಮೊದಲಾದವರು ಪಟ್ಟ ಪಾಡು, ಆಮೇಲಿನವರ ತಿದ್ದುಪಡಿಗಳು, ಇವೆಲ್ಲವನ್ನೂ ಮಕ್ಕಳಿಗೆ ಸಂಕ್ಷೇಪವಾಗಿ ಹೇಳಿದೆನು. ಅನುಮಾನ ಬಂದಾಗ ತೆರೆಯಲು ಕಿಟ್ಟೆಲರ ೧೮೯೪ರ ನಿಘಂಟಿನ ಮರುಮುದ್ರಣವೊಂದು ನನ್ನಲ್ಲಿದ್ದಿತು. ಅದನ್ನು ಅವರ ಮೇಜಿನ ಮೇಲೆಯೇ ಇರಿಸಿದೆನು. ಕ್ರಿಸ್ತನ ಕಥೆಯನ್ನು ಷಟ್ಪದಿಯಲ್ಲಿ ಹಾಡಿ ೧೮೬೨ರಲ್ಲಿ 'ಕಥಾಮಾಲೆ'ಯನ್ನು ಹೊರತಂದ ಮಹನೀಯರೂ ಅವರೇ ಎಂದಾಗ ಹುಡುಗಿಯು ಆ ದಪ್ಪ ಪುಸ್ತಕವನ್ನು ಸ್ವಲ್ಪ ಗೌರವದಿಂದ ಮುಟ್ಟಿದಳು.

ಇನ್ನೊಂದು ಉಪಾಯವು ಬಹಳ ಫಲಕಾರಿಯಾಯಿತು. ವಹಿಯ ಹಾಳೆಯ ನಡುವೆ ಗೆರೆ ಎಳೆಯುವುದು. ಎಡಕ್ಕೆ 'ಗ್ರಂಥದ ಮಾತು', ಬಲಕ್ಕೆ 'ನನ್ನ ಮಾತು'. ಎಡಗಡೆ ಬರೆದದ್ದಕ್ಕೆ ಬೆರಳಿಟ್ಟು ಸ್ಥಳ ತೋರಿಸಬೇಕು. ತೋರಿಸಲಾಗದಿದ್ದರೆ ಅದನ್ನು ಹೊಡೆದು ಬಲಕ್ಕೆ ಬರೆಯಬೇಕು. ವ್ಯಾಖ್ಯಾನದ ಪುಸ್ತಕಗಳನ್ನು ಕಪಾಟಿನಲ್ಲಿಟ್ಟು ಕೀಲಿ ಹಾಕಿ, ಕೀಲಿಕೈಯನ್ನು ಹುಡುಗಿಯ ವಶಕ್ಕೆ ಕೊಟ್ಟೆವು. ಶನಿವಾರ ಮಾತ್ರ ತೆರೆಯುವುದೆಂದು ನೇಮ. ಗೋಡೆಯ ಕ್ಯಾಲೆಂಡರಿನಲ್ಲಿ ಯೆರೆಮೀಯನ ೨೯ನೆಯ ಅಧ್ಯಾಯದ ೧೧ನೆಯ ವಚನವು ದಪ್ಪ ಅಕ್ಷರಗಳಲ್ಲಿದ್ದಿತು. ಮುಂದೆ ಒಳ್ಳೆಯದಾಗುವುದೆಂಬ ಭರವಸೆಯ ಮಾತು. ಪರೀಕ್ಷೆಯ ಹೊತ್ತಿಗೆ ಮಕ್ಕಳು ಅದನ್ನು ನೋಡಿಕೊಂಡು ಧೈರ್ಯ ತಾಳುತ್ತಿದ್ದರಂತೆ. ಈಗ ಅವರು ಅದರ ಹಿಂದಿನ ವಚನವನ್ನು ಓದಿದರು. ಅದು ಬಾಬೆಲಿಗೆ ಸೆರೆಹೋದವರಿಗೆ ಬರೆದ ಪತ್ರ. ಎಪ್ಪತ್ತು ವರ್ಷ ತುಂಬಿದ ಮೇಲೆ ಮರಳಿ ಬರುವಿರಿ, ಅಲ್ಲಿಯವರೆಗೆ ಮನೆ ಕಟ್ಟಿರಿ, ತೋಟ ಹಾಕಿರಿ ಎಂದು ಹೇಳುವುದು. "ಅಂದ್ರ ಪತ್ರಾ ಓದಿದವರಲ್ಲಿ ಭಾಳ ಮಂದಿ ಊರು ನೋಡದನ ಸತ್ತಿರಬೇಕು" ಎಂದಳು ಹುಡುಗಿ. ತಂದೆಯು ಆ ದಿನ ನನ್ನನ್ನು ಬಾಗಿಲವರೆಗೆ ಬಿಡಲು ಬಂದವರು, ಏನೋ ಹೇಳಬೇಕೆಂದು ಬಾಯಿ ತೆರೆದು, ಹೇಳದೆ ಹಿಂತಿರುಗಿದರು.

ಇಷ್ಟರವರೆಗೆ ಎಲ್ಲವೂ ಸುಖವಾಗಿದ್ದಿತು. ನ್ಯಾಯಸ್ಥಾಪಕರ ಗ್ರಂಥದ ೧೧ನೆಯ ಅಧ್ಯಾಯಕ್ಕೆ ಬಂದಾಗ ನನ್ನ ಪರೀಕ್ಷೆಯಾಯಿತು.

ಕ್ರೈಸ್ತರಲ್ಲದ ವಾಚಕರಿಗಾಗಿ ಆ ಕಥೆಯನ್ನು ಹೇಳಬೇಕು. ಯೆಪ್ತಾಹನು ವೇಶ್ಯೆಯ ಮಗನೆಂದು ಅಣ್ಣತಮ್ಮಂದಿರಿಂದ ಹೊರದೂಡಲ್ಪಟ್ಟವನು. ಅಮ್ಮೋನಿಯರು ದಂಡೆತ್ತಿ ಬಂದಾಗ ಗಿಲ್ಯಾದಿನ ಹಿರಿಯರು ಅವನನ್ನೇ ಕರೆಯಬೇಕಾಯಿತು. ಅವನು ಶತ್ರುವಿನ ಅರಸನಿಗೆ ದೂತರನ್ನು ಕಳಿಸಿ ದೀರ್ಘವಾಗಿ ವಾದಿಸಿದನು. ಅದು ಫಲಿಸದಿರಲು ಯುದ್ಧಕ್ಕೆ ಹೊರಟನು. ಹೊರಡುವಾಗ, ಜಯಶಾಲಿಯಾಗಿ ಮರಳಿದರೆ ಮನೆಯ ಬಾಗಿಲಿನಿಂದ ನನ್ನೆದುರಿಗೆ ಬಂದದ್ದನ್ನು ದೇವರಿಗೆ ಹೋಮವಾಗಿ ಅರ್ಪಿಸುವೆನೆಂದು ಹರಕೆ ಹೊತ್ತನು. ಗೆದ್ದು ಬಂದಾಗ ದಮ್ಮಡಿ ಬಡಿಯುತ್ತ, ಕುಣಿಯುತ್ತ ಎದುರಿಗೆ ಬಂದವಳು ಅವನ ಒಬ್ಬಳೇ ಮಗಳು. ಅವಳು ಎರಡು ತಿಂಗಳ ಅವಧಿಯನ್ನು ಬೇಡಿ, ಗೆಳತಿಯರೊಡನೆ ಬೆಟ್ಟಗಳಲ್ಲಿ ತನ್ನ ಕನ್ಯಾವಸ್ಥೆಗಾಗಿ ಅತ್ತು ಮರಳಿ ಬಂದಳು. ತಂದೆಯು ಹರಕೆಯಂತೆ ನಡೆಸಿದನು. ಅವಳ ಹೆಸರನ್ನು ಗ್ರಂಥವು ಹೇಳುವುದಿಲ್ಲ.

ಹುಡುಗಿಯು ಗಟ್ಟಿಯಾಗಿ ಓದುತ್ತಿದ್ದವಳು ಕೊನೆಗೆ ಬಂದು ನಿಂತಳು. ಹೇಳುವ ಸರದಿ ಅವಳದಾಗಿದ್ದರೂ ಹೇಳಲಿಲ್ಲ. ಕಡೆಗೆ, "ಅಬ್ರಹಾಮನ ಕೈ ತಡದ ದೇವರು ಇಲ್ಲಿ ಯಾಕ ಸುಮ್ಮನಿದ್ದರು, ಅಜ್ಜಾ? ಅಲ್ಲಿ ಮಗ ಇದ್ದ. ಇಲ್ಲಿ ಮಗಳು ಅಂತನಾ?" ಎಂದು ಕೇಳಿ ಪುಸ್ತಕವನ್ನು ಮುಚ್ಚಿದಳು.

ನನ್ನ ಬಾಯಿಗೆ ಉತ್ತರವು ಬಂದಿದ್ದಿತು. ಅದು ಬಂದದ್ದು ಐವತ್ತು ವರ್ಷದ ಹಿಂದಿನಿಂದ. ಐತರೇಯ ಬ್ರಾಹ್ಮಣದಲ್ಲಿ ಶುನಃಶೇಪನ ಆಖ್ಯಾನವಿದೆಯಷ್ಟೆ. ಹರಿಶ್ಚಂದ್ರನು ವರುಣನಿಗೆ ಮಗನನ್ನೇ ಬಲಿಕೊಡುವೆನೆಂದು ಹೇಳಿ ಮಗನನ್ನು ಪಡೆದನು. ಆ ಮಗನು ತನ್ನ ಬದಲಿಗೆ ಅಜೀಗರ್ತನೆಂಬ ಬಡ ಋಷಿಯ ನಡುವಣ ಮಗನಾದ ಶುನಃಶೇಪನನ್ನು ನೂರು ಹಸುಗಳಿಗೆ ಕೊಂಡನು. ಯೂಪಕ್ಕೆ ಕಟ್ಟಲು ಯಾರೂ ಒಪ್ಪದಿರಲು ತಂದೆಯೇ ಇನ್ನೂ ನೂರು ಹಸುಗಳಿಗೆ ಕಟ್ಟಿದನು. ಕೊಲ್ಲಲು ಮತ್ತೆ ನೂರಕ್ಕೆ ಒಪ್ಪಿ ಕತ್ತಿ ಮಸೆಯುತ್ತ ಬಂದನು. ಹುಡುಗನು ದೇವತೆಗಳನ್ನು ಸ್ತುತಿಸಿ ಬಿಡುಗಡೆ ಹೊಂದಿದನೆಂಬುದು ನಿಜ. ಆದರೆ ಹದಿನಾಲ್ಕರ ವಯಸ್ಸಿನಲ್ಲಿ ನನ್ನ ಕಣ್ಣ ಮುಂದೆ ನಿಂತದ್ದು ಆ ಬಿಡುಗಡೆಯಲ್ಲ, ಕತ್ತಿ ಮಸೆಯುವ ತಂದೆಯು. ಪಾಠದಲ್ಲಿ ಎದ್ದು ನಿಂತು ಕೇಳಿದೆನು. ಗುರುಗಳು ಒಳ್ಳೆಯವರು, ವಿದ್ವಾಂಸರು. "ಅದು ಅರ್ಥವಾದವು, ಕೂಡು" ಎಂದು ಮುಂದಿನ ವಾಕ್ಯಕ್ಕೆ ಹೋದರು. ನಾನು ಕುಳಿತೆನು. ಶಾಸ್ತ್ರದ ದೃಷ್ಟಿಯಿಂದ ಅವರ ಉತ್ತರವು ತಪ್ಪಲ್ಲ. ಆದರೆ ಆ ದಿನದಿಂದ ನಾನು ತರಗತಿಯಲ್ಲಿ ಎದ್ದು ನಿಂತು ಪ್ರಶ್ನೆ ಕೇಳಿದ್ದು ನೆನಪಿಲ್ಲ.

ಇಷ್ಟಕ್ಕೇ ಮುಗಿದಿದ್ದರೆ ಚೆನ್ನಾಗಿತ್ತು. ಮಾಸ್ತರನಾದ ಮೇಲೆ ನಾನೂ ಅದನ್ನೇ ಮಾಡಿದೆನು. ಒಮ್ಮೆ ಒಬ್ಬ ಹುಡುಗನು ಪರೀಕ್ಷೆಯಲ್ಲಿ ಒಂದು ಪದ್ಯಕ್ಕೆ ನಾನು ಬರೆಸಿದ ಭಾವಾರ್ಥವನ್ನು ಬಿಟ್ಟು ತನಗೆ ತೋರಿದ್ದನ್ನು ಬರೆದಿದ್ದನು. ನಾನು ಸೊನ್ನೆ ಹಾಕಿ, ಅದನ್ನು ಇಡೀ ವರ್ಗಕ್ಕೆ ಓದಿ ತೋರಿಸಿ ನಗಿಸಿದೆನು. ಆ ಹಾಳೆಯಲ್ಲಿ ಅವನು ಬರೆದ ಅರ್ಥವು ಈಗ ನನಗೆ ನೆನಪಿಲ್ಲ. ಅವನು ತಲೆ ತಗ್ಗಿಸಿ ಬೆಂಚಿನ ಅಂಚನ್ನು ಉಗುರಿನಿಂದ ಕೆರೆಯುತ್ತಿದ್ದುದು ಮಾತ್ರ ನೆನಪಿದೆ.

ಹುಡುಗಿಯು ನನ್ನನ್ನೇ ನೋಡುತ್ತಿದ್ದಳು. "ನನಗೆ ಗೊತ್ತಿಲ್ಲ, ಮಗಾ" ಎಂದೆನು. ಮೂವತ್ತು ವರ್ಷಕ್ಕೆ ಮಿಕ್ಕಿದ ಮಾಸ್ತರಿಕೆಯಲ್ಲಿ ಆ ಮಾತನ್ನು ಎಷ್ಟು ಸಲ ಆಡಿದ್ದೆನೆಂದು ಲೆಕ್ಕ ಹಾಕಿದರೆ ಒಂದು ಕೈಯ ಬೆರಳು ಹೆಚ್ಚಾದಾವು.

ಅವಳು ಎರಡು ದಿನ ಪುಸ್ತಕ ಮುಟ್ಟಲಿಲ್ಲವೆಂದು ತಾಯಿಯು ತಿಳಿಸಿದರು. ತಂದೆಯ ಮುಖವು ಗಂಭೀರವಾಗಿದ್ದಿತು. ಇದಕ್ಕೇ ಅಂಜಿದ್ದೆನೆಂದು ಅವರು ಅನ್ನಲಿಲ್ಲ. ಅನ್ನದಿದ್ದುದೇ ನನಗೆ ಭಾರವಾಯಿತು. ನಂಬಿಕೆಯ ಮನೆಯೊಳಗೆ ಕರೆಯಿಸಿಕೊಂಡು ಹೋದ ಅತಿಥಿಯು ಕಂಬವನ್ನೇ ಅಲುಗಿಸಿದೆನೋ ಎಂದು ನಿದ್ದೆ ಬರಲಿಲ್ಲ. ಪಾಠವನ್ನು ನಿಲ್ಲಿಸಿಬಿಡೋಣವೆಂದು ಹೇಳುವುದಕ್ಕಾಗಿಯೇ ಮೂರನೆಯ ದಿನ ಹೋದೆನು.

ಹೋದಾಗ ಹುಡುಗಿಯು ವಹಿ ತೆರೆದು ಕುಳಿತಿದ್ದಳು. ಎಡಗಡೆಯ ಭಾಗವು ತುಂಬಿದ್ದಿತು. ತಮ್ಮನು ಮೊದಲು ಎಡಗಡೆ 'ದೇವರು ಹರಕೆ ಕೇಳಿದರು' ಎಂದು ಬರೆದಿದ್ದನಂತೆ. ಸ್ಥಳ ತೋರಿಸೆಂದು ಅಕ್ಕನು ಕೇಳಿದಳಂತೆ. ಇಬ್ಬರೂ ಸೇರಿ ಅಧ್ಯಾಯವನ್ನು ನಾಲ್ಕು ಸಲ ಓದಿದರಂತೆ. ಹರಕೆಯನ್ನು ದೇವರು ಕೇಳಿದರೆಂದು ಎಲ್ಲಿಯೂ ಇಲ್ಲ. ದೇವರ ಆತ್ಮವು ಯೆಪ್ತಾಹನ ಮೇಲೆ ಬಂದದ್ದು ಹರಕೆಗೆ ಮುಂಚೆ. ಅಂದರೆ ಹರಕೆಯ ಅಗತ್ಯವೇ ಇದ್ದಿಲ್ಲವೇನೋ ಎಂದು ಬಲಗಡೆ ಬರೆದಿದ್ದಳು. ಮಕ್ಕಳನ್ನು ಬೆಂಕಿಗೆ ಕೊಡುವುದನ್ನು ಧರ್ಮೋಪದೇಶಕಾಂಡವು ದೇವರಿಗೆ ಅಸಹ್ಯವೆಂದು ಹೇಳುವುದನ್ನೂ, ಹರಕೆಗೆ ಬದಲಾಗಿ ಬೆಲೆ ಕಟ್ಟಿ ಬಿಡಿಸಿಕೊಳ್ಳುವ ಕ್ರಮವು ಯಾಜಕಕಾಂಡದಲ್ಲಿರುವುದನ್ನೂ ಹುಡುಕಿದ್ದಳು. ಶತ್ರುವಿನೊಡನೆ ಅಷ್ಟೊಂದು ವಾದಿಸಿದವನು ಮಗಳ ಸಲುವಾಗಿ ದೇವರೊಡನೆ ಒಂದು ಮಾತನ್ನೂ ಆಡಲಿಲ್ಲವೆಂಬುದು ಅವಳ ದೊಡ್ಡ ದೂರು. ಅದರ ಕೆಳಗೆ, ಇಬ್ರಿಯರಿಗೆ ಬರೆದ ಪತ್ರದ ೧೧ನೆಯ ಅಧ್ಯಾಯದಲ್ಲಿ ಇವನ ಹೆಸರು ನಂಬಿಕೆಯ ವೀರರ ಸಾಲಿನಲ್ಲಿದೆಯೆಂದು ಬರೆದು, ಮುಂದಕ್ಕೆ ಏನನ್ನೂ ಬರೆಯದೆ ಬಿಟ್ಟಿದ್ದಳು.

ಅಂದು ಶನಿವಾರವಾದ್ದರಿಂದ ಕಪಾಟು ತೆರೆಯಿತು. ವ್ಯಾಖ್ಯಾನಕಾರರಲ್ಲಿಯೂ ಒಮ್ಮತವಿಲ್ಲ. ಮಧ್ಯಯುಗದ ಯೆಹೂದಿ ಪಂಡಿತನಾದ ದಾವೀದ್ ಕಿಮ್ಹಿಯು ಹರಕೆಯ ಮಾತಿನಲ್ಲಿ 'ಮತ್ತು' ಎಂಬುದನ್ನು 'ಅಥವಾ' ಎಂದು ಗ್ರಹಿಸಿ, ಅವಳು ಹತಳಾಗಲಿಲ್ಲ, ಕನ್ಯೆಯಾಗಿಯೇ ದೇವರಿಗೆ ಮೀಸಲಾಗಿ ಉಳಿದಳೆಂದು ಹೇಳಿದ್ದಾನೆ. ಬೇರೆ ಅನೇಕರು ಅದನ್ನು ಒಪ್ಪುವುದಿಲ್ಲ. ಒಂದು ಅವ್ಯಯದ ಮೇಲೆ ಒಬ್ಬ ಹುಡುಗಿಯ ಪ್ರಾಣವು ನಿಂತಿರುವುದನ್ನು ಕಂಡು, ವ್ಯಾಕರಣವನ್ನು ಯಾಕೆ ಕಲಿಯಬೇಕೆಂದು ಹಿಂದೆ ಕೇಳುತ್ತಿದ್ದ ಹುಡುಗನು ಸುಮ್ಮನಾದನು.

ಅಷ್ಟರಲ್ಲಿ ತಂದೆಯು ಒಳಗಿನಿಂದ ತಮ್ಮ ತಾಯಿಯ ಸತ್ಯವೇದವನ್ನು ತಂದರು. ಆಕೆ ಬಹುಕಾಲ ಹೆಣ್ಣುಮಕ್ಕಳ ಶಾಲೆಯಲ್ಲಿ ಅಕ್ಕೋರಾಗಿದ್ದವರು. ಪುಸ್ತಕದ ಅಂಚುಗಳಲ್ಲೆಲ್ಲ ಸೀಸದ ಕಡ್ಡಿಯ ಸಣ್ಣ ಬರಹ. ಈ ಅಧ್ಯಾಯದ ಬದಿಯಲ್ಲಿ ಬರಹವಿಲ್ಲ. ಒಂದು ಪ್ರಶ್ನಾರ್ಥಕ ಚಿಹ್ನೆ ಮಾತ್ರ, ಎರಡು ಸಲ ತಿದ್ದಿ ದಪ್ಪ ಮಾಡಿದ್ದು. "ಅವ್ವಗ ಇದು ಇತ್ತು ಅಂತ ನನಗ ಗೊತ್ತಿರಲಿಲ್ಲ. ಕಡೀತನಕಾ ದಿನಾ ಓದ್ತಿದ್ಲು" ಎಂದರು ತಂದೆ. ಹುಡುಗಿಯು ಆ ಚಿಹ್ನೆಯನ್ನು ಬಹಳ ಹೊತ್ತು ನೋಡಿ, ತನ್ನ ವಹಿಯ ಬಲಗಡೆ ಅದನ್ನು ಹಾಗೆಯೇ ಬರೆದುಕೊಂಡಳು. ಪಾಠ ನಿಲ್ಲಿಸುವ ಮಾತನ್ನು ನಾನು ಎತ್ತಲಿಲ್ಲ. ತಂದೆಯೂ ಕೇಳಲಿಲ್ಲ.

ನ್ಯಾಯಸ್ಥಾಪಕರು ಮುಗಿದು ಈಗ ರೂತಳ ಕಥೆ ನಡೆದಿದೆ. ಹೋದ ಬಾರ ಮಳೆಯಿಂದಾಗಿ ನಾನು ಹೋಗುವುದು ಮುಕ್ಕಾಲು ಗಂಟೆ ತಡವಾಯಿತು. ಪಡಸಾಲೆಯಿಂದ ಧ್ವನಿಗಳು ಕೇಳುತ್ತಿದ್ದವು. ನವೊಮಿಯು ಸೊಸೆಯಂದಿರನ್ನು ತಿರುಗಿ ಹೋಗಿರೆಂದದ್ದು ಪ್ರೀತಿಯಿಂದಲೋ, ಅವರನ್ನು ಸಾಕಲಾರದೆಯೋ ಎಂದು ಅಕ್ಕತಮ್ಮಂದಿರಿಗೆ ಜಗಳ ಹತ್ತಿದ್ದಿತು. "ಎಡಕ್ಕ ಬರೀಬ್ಯಾಡ, ತೋರಿಸು ಮೊದಲು" ಎನ್ನುತ್ತಿದ್ದನು ಹುಡುಗ. ನಾನು ಕೊಡೆ ಮಡಿಸಿ ಹೊರಗಿನ ಕಟ್ಟೆಯ ಮೇಲೆ ಕುಳಿತೆನು. ತಾಯಿಯು ಚಹಾ ತಂದು, "ಒಳಗ ಬರ್ರಿ ಮಾಸ್ತರ, ಕರೀತೇನಿ ಅವರನ್ನ" ಎಂದರು.

ಬೇಡವೆಂದು ಕೈಸನ್ನೆ ಮಾಡಿದೆನು. ಚಹಾ ಆರುವವರೆಗೂ ಅಲ್ಲಿಯೇ ಕುಳಿತಿದ್ದೆನು.